ಕತ್ತರಿಸಿದರೆ ಎರಡಾಗುವ ಚಪ್ಪಟೆ ಹುಳುವಿನಿಂದ ವಿಜ್ಞಾನಿಗಳಿಗೆ ಏನು ಪ್ರಯೋಜನ?

ದಾವಣಗೆರೆಯ ಕುಂದವಾಡ ಕೆರೆಯಿಂದ ತಂದ ನೀರುಗಿಡಗಳ ಜೊತೆಗೆ ನಿಮ್ಮ ಅಕ್ವೇರಿಯಂ ಸೇರಿರುವ ಕಂದು ಹುಳು ಪ್ಲನೇರಿಯಾ ಹೌದೇ, ಅದರಿಂದ ಅಪಾಯವಿದೆಯೇ, ಕತ್ತರಿಸಿದರೆ ಎರಡಾಗುತ್ತದೆ ಎಂಬುದು ಗೊತ್ತಾದ ಮೇಲೂ ವಿಜ್ಞಾನಿಗಳು ಅದರಲ್ಲಿ ಇನ್ನೇನು ಹುಡುಕುತ್ತಿದ್ದಾರೆ ಎಂದು ಕೇಳಿದ್ದೀರಿ. ಚಿತ್ರದುರ್ಗದಲ್ಲಿ ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಕಲಿಸುವವನಾದ್ದರಿಂದ ಮೂರನೆಯ ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ.

ಕೈಮಸೂರದಲ್ಲಿ ನೋಡಿ. ತಲೆ ತ್ರಿಕೋನಾಕಾರವಾಗಿದ್ದು, ಅದರ ಮೇಲೆ ಮೆಳ್ಳೆಗಣ್ಣಿನಂತೆ ಕಾಣುವ ಎರಡು ಕಪ್ಪು ಚುಕ್ಕೆಗಳಿದ್ದು, ಮೈ ಕೊಂಕಿಸದೆ ಗಾಜಿನ ಮೇಲೆ ನುಣ್ಣಗೆ ಜಾರುತ್ತಿದ್ದರೆ ಅದು ಪ್ಲನೇರಿಯಾ. ಹೊಟ್ಟೆಯ ಕಡೆಯ ಲೋಮಾಂಗಗಳೆಂಬ ಕೂದಲಿನಂಥ ಸೂಕ್ಷ್ಮ ಎಳೆಗಳು ಅದನ್ನು ಲೋಳೆಯ ಮೇಲೆ ಸಾಗಿಸುತ್ತವೆ. ಮೈಯನ್ನು ಬಿಲ್ಲಿನಂತೆ ಬಾಗಿಸಿ ಹೆಜ್ಜೆಯಿಡುವಂತೆ ಸಾಗಿದರೆ ಅದು ಜಿಗಣೆ. ಲಾಡಿಹುಳು ಮತ್ತು ಕುರಿಗಳ ಯಕೃತ್ತಿನ ಹುಳು ಸೇರಿರುವ ವಂಶಕ್ಕೇ ಇದೂ ಸೇರಿದ್ದರೂ ಇದು ಪರಾವಲಂಬಿಯಲ್ಲ, ಸ್ವತಂತ್ರ ಜೀವಿ. ಮನುಷ್ಯರಿಗೆ ಇದರಿಂದ ತೊಂದರೆಯಿಲ್ಲ. ಮೀನಿನ ಮೊಟ್ಟೆ ಮತ್ತು ಸಿಗಡಿ ಮರಿಗಳನ್ನು ಮಾತ್ರ ತಿಂದೀತು.

ಇದಕ್ಕೆ ಹೃದಯವಿಲ್ಲ, ರಕ್ತವಿಲ್ಲ, ಶ್ವಾಸಾಂಗವೂ ಇಲ್ಲ. ಮೈ ತೆಳ್ಳಗಿರುವುದರಿಂದ ಆಮ್ಲಜನಕ ಚರ್ಮದ ಮೂಲಕವೇ ಒಳಗಿನ ಕೋಶಗಳನ್ನು ಮುಟ್ಟುತ್ತದೆ. ಬಾಯಿ ಇರುವುದು ತಲೆಯಲ್ಲಲ್ಲ, ಹೊಟ್ಟೆಯ ನಡುವೆ. ಗಾಜಿನ ತಟ್ಟೆಯ ನೀರಿಗೆ ಕುರಿ ಲಿವರಿನ ಚೂರೊಂದನ್ನು ಹಾಕಿದರೆ, ಹುಳು ಅದರ ಮೇಲೆ ಹತ್ತಿ ನಿಂತು, ಹೊಟ್ಟೆಯಡಿಯಿಂದ ಬಿಳಿಯ ನಳಿಕೆಯೊಂದನ್ನು ಹೊರಚಾಚಿ ಹೀರುವುದನ್ನು ಕಾಣಬಹುದು. ಗುದದ್ವಾರ ಇಲ್ಲದ ಕಾರಣ ಜೀರ್ಣವಾಗದೆ ಉಳಿದದ್ದೂ ಅದೇ ಬಾಯಿಯಿಂದಲೇ ಹೊರಬೀಳುತ್ತದೆ.

ಈಗ ಸಂಶೋಧನೆಯ ವಿಷಯ. ಹಲ್ಲಿಗೆ ಬಾಲ ಮತ್ತೆ ಬೆಳೆಯುತ್ತದೆ, ಆದರೆ ಉದುರಿದ ಬಾಲದಿಂದ ಹಲ್ಲಿ ಬೆಳೆಯುವುದಿಲ್ಲ. ಪ್ಲನೇರಿಯಾದಲ್ಲಿ ಎರಡೂ ನಡೆಯುತ್ತವೆ. ಮುಂದೆ ಹಣ್ಣುನೊಣದ ತಳಿಶಾಸ್ತ್ರಕ್ಕಾಗಿ 1933ರಲ್ಲಿ ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್, 1898ರಲ್ಲಿ ಈ ಹುಳುಗಳನ್ನು ಬಗೆಬಗೆಯಾಗಿ ಕತ್ತರಿಸಿ, ಮೂಲ ದೇಹದ 279ರಲ್ಲಿ ಒಂದು ಪಾಲಿನಷ್ಟು ಚಿಕ್ಕ ತುಂಡೂ ಪೂರ್ಣ ಹುಳುವಾಗಬಲ್ಲದು ಎಂದು ಅಂದಾಜಿಸಿದರು. ಕಣ್ಣುಗಳ ಮುಂದಿನ ತುದಿ ಮತ್ತು ಆಹಾರ ಹೀರುವ ನಳಿಕೆ, ಇವೆರಡಕ್ಕೆ ಮಾತ್ರ ಈ ಶಕ್ತಿಯಿಲ್ಲ. ಉಳಿದೆಡೆ ಮೈತುಂಬ ಹರಡಿರುವ ನಿಯೋಬ್ಲಾಸ್ಟ್ ಎಂಬ ಆಕರಕೋಶಗಳೇ, ಅಂದರೆ ದೇಹದ ಬೇರೆ ಬೇರೆ ಬಗೆಯ ಕೋಶಗಳಾಗಿ ಮಾರ್ಪಡಬಲ್ಲ ಕೋಶಗಳೇ, ಇದಕ್ಕೆ ಕಾರಣ. ವಿಕಿರಣದಿಂದ ಅವುಗಳನ್ನೆಲ್ಲ ನಾಶಮಾಡಿದರೆ ಹುಳು ಕೆಲವು ವಾರಗಳಲ್ಲಿ ಸಾಯುತ್ತದೆ. ಹಾಗೆ ಸಾಯಲಿದ್ದ ಹುಳುವಿಗೆ ಇನ್ನೊಂದು ಹುಳುವಿನ ಒಂದೇ ಒಂದು ಆಕರಕೋಶವನ್ನು ಸೇರಿಸಿ ಬದುಕಿಸಬಹುದು ಎಂಬುದನ್ನು 2011ರಲ್ಲಿ ತೋರಿಸಲಾಯಿತು. ನಮ್ಮಲ್ಲಿ ಇಂಥ ಸರ್ವಶಕ್ತ ಕೋಶಗಳು ಭ್ರೂಣದ ಮೊದಲ ದಿನಗಳಲ್ಲಷ್ಟೇ ಇದ್ದು ಮರೆಯಾಗುತ್ತವೆ. ಈ ಹುಳು ಅವನ್ನು ಜೀವನಪೂರ್ತಿ ಇಟ್ಟುಕೊಂಡಿರುತ್ತದೆ.

ಆದರೆ ನನ್ನ ದೃಷ್ಟಿಯಲ್ಲಿ ಬೆಳೆಯುವುದಕ್ಕಿಂತ ದೊಡ್ಡ ಒಗಟು, ಏನು ಬೆಳೆಯಬೇಕೆಂದು ತುಂಡಿಗೆ ತಿಳಿಯುವುದು ಹೇಗೆ ಎಂಬುದು. ಹುಳುವನ್ನು ನಡುವೆ ಕಡಿದಾಗ ಬ್ಲೇಡಿನ ಈಚೆಗಿನ ಕೋಶಗಳು ಬಾಲ ಕಟ್ಟುತ್ತವೆ, ಆಚೆಗಿನವು ತಲೆ ಕಟ್ಟುತ್ತವೆ. ಕ್ಷಣದ ಹಿಂದೆ ಅವು ಅಕ್ಕಪಕ್ಕದಲ್ಲೇ ಇದ್ದವು. ಇದನ್ನು ಬಿಡಿಸಲು ದಾರಿ ತೆರೆದದ್ದು, ನಿರ್ದಿಷ್ಟ ಜೀನಿನ ಸಂದೇಶವನ್ನು ಅಳಿಸಿಹಾಕುವ ಆರ್‌ಎನ್‌ಎ ಹಸ್ತಕ್ಷೇಪ ತಂತ್ರ ಈ ಹುಳುವಿನಲ್ಲೂ ಫಲಿಸುತ್ತದೆಂದು 1999ರಲ್ಲಿ ಸಾಂಚೆಜ್ ಅಲ್ವರಾಡೊ ಮತ್ತು ನ್ಯೂಮಾರ್ಕ್ ತೋರಿಸಿದ್ದು. ಈಗಂತೂ ಬೇಕಾದ ಆರ್‌ಎನ್‌ಎಯನ್ನು ಲಿವರ್ ಪೇಸ್ಟಿಗೆ ಬೆರೆಸಿ ತಿನ್ನಿಸಿದರೆ ಸಾಕು. ಬೀಟಾ-ಕೆಟೆನಿನ್ ಎಂಬ ಪ್ರೋಟೀನಿನ ಜೀನನ್ನು ಹೀಗೆ ಸುಮ್ಮನಾಗಿಸಿದಾಗ ಬಾಲ ಬರಬೇಕಾದಲ್ಲೂ ತಲೆಯೇ ಬಂದಿತೆಂದು 2008ರಲ್ಲಿ ವರದಿಯಾಯಿತು. ಅಂದರೆ ಈ ಪ್ರೋಟೀನ್ ಸಾಗಿಸುವ ಸಂಕೇತ ಇದ್ದಲ್ಲಿ ಬಾಲ, ಇಲ್ಲದಲ್ಲಿ ತಲೆ. ಅದೇ ಸಂಕೇತ ಸರಣಿ ನಮ್ಮ ಭ್ರೂಣದಲ್ಲೂ ಕೆಲಸ ಮಾಡುತ್ತದೆ ಮತ್ತು ಹದ ತಪ್ಪಿದಾಗ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಪರಾವಲಂಬಿಗಳ ಅಧ್ಯಯನಕ್ಕೂ ಇದರಿಂದ ನೆರವಾಗಿದೆ. ಶಿಸ್ಟೊಸೋಮಾ ಎಂಬ ರಕ್ತದ ಹುಳುವಿನ ದೇಹದಲ್ಲೂ ನಿಯೋಬ್ಲಾಸ್ಟ್ ಹೋಲುವ ಕೋಶಗಳಿವೆಯೆಂದು 2013ರಲ್ಲಿ ತಿಳಿಯಿತು. ಆ ರಕ್ತದ ಹುಳು ಮನುಷ್ಯರಿಗೆ ತರುವ ರೋಗಕ್ಕೆ ಕೊಡುವ ಪ್ರಾಜಿಕ್ವಾಂಟೆಲ್ ಔಷಧಿಯ ದ್ರಾವಣದಲ್ಲಿಟ್ಟ ಪ್ಲನೇರಿಯಾ ತುಂಡುಗಳು ಎರಡು ತಲೆ ಬೆಳೆಸಿಕೊಂಡದ್ದೂ ಉಂಟು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿಯೂ ಪ್ಲನೇರಿಯಾದ ಆಕರಕೋಶಗಳ ಬಗ್ಗೆ ಸಂಶೋಧನೆ ನಡೆದಿದೆ.

ನೀವೇ ಕತ್ತರಿಸಿ ನೋಡಬೇಕೆಂದಿದ್ದರೆ, ಒಂದು ವಾರ ಉಪವಾಸವಿಟ್ಟ ಹುಳುವನ್ನು ತಣ್ಣನೆಯ ನೀರಿನಲ್ಲಿ ಹೊಸ ಬ್ಲೇಡಿನಿಂದ ಅಡ್ಡಲಾಗಿ ಕಡಿಯಿರಿ. ಗಾಯ ಬೇಗನೆ ಮುಚ್ಚಿಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ಅಲ್ಲಿ ಬಣ್ಣವಿಲ್ಲದ ಬಿಳಿಯ ಮೊಗ್ಗು ಕಾಣುತ್ತದೆ, ವಾರದೊಳಗೆ ಅದರಲ್ಲಿ ಕಣ್ಣಿನ ಚುಕ್ಕೆಗಳು ಮೂಡುತ್ತವೆ. ನಲ್ಲಿ ನೀರಿನ ಕ್ಲೋರಿನ್ ಇದಕ್ಕೆ ಆಗದು. ಪ್ರಯೋಗಾಲಯಗಳಲ್ಲಿ ಇವನ್ನು ಸುಮಾರು 20 ಡಿಗ್ರಿಯ ಕತ್ತಲಲ್ಲಿಡುತ್ತಾರೆ, ಆದ್ದರಿಂದ ನಮ್ಮ ಬಯಲುಸೀಮೆಯ ಏಪ್ರಿಲ್ ಬಿಟ್ಟು ಚಳಿಗಾಲವನ್ನು ಆರಿಸಿಕೊಳ್ಳಿ. ಹೆಚ್ಚು ಹುಳು ಬೇಕಾದರೆ ಸೂಳೆಕೆರೆಯ ಅಂಚಿನ ಕಲ್ಲುಗಳನ್ನು ಮಗುಚಿ ನೋಡಿ. ದುರ್ಗದ ಕೋಟೆಯ ಹೊಂಡಗಳಿಗೆ ಇಳಿಯಲು ನನ್ನ ವಿದ್ಯಾರ್ಥಿಗಳು ಸದಾ ಸಿದ್ಧ, ಆದರೆ ಅದು ಸಂರಕ್ಷಿತ ಸ್ಮಾರಕವಾದ್ದರಿಂದ ನಾನು ಒಪ್ಪುವುದಿಲ್ಲ.

ಅಕ್ವೇರಿಯಂನಿಂದ ಅವನ್ನು ತೊಲಗಿಸುವುದೇ ನಿಮ್ಮ ಉದ್ದೇಶವಾದರೆ, ಗಾಜಿನ ಮೇಲೆ ಉಜ್ಜಿ ಅರೆಯಬೇಡಿ, ತುಂಡುಗಳು ಬೆಳೆಯುತ್ತವೆ. ಮೀನಿನ ಆಹಾರ ಕಡಿಮೆ ಮಾಡಿ, ತಳದ ಕೊಳೆ ತೆಗೆಯಿರಿ. ಫೆನ್‌ಬೆಂಡಜೋಲ್ ಎಂಬ ಜಂತುನಾಶಕ ಔಷಧಿ ಹಾಕಿದರೆ ಸಾಯುತ್ತವೆ, ಆದರೆ ಬಸವನಹುಳುಗಳಿದ್ದರೆ ಮೊದಲು ಅವನ್ನು ಬೇರೆ ತೊಟ್ಟಿಗೆ ಸಾಗಿಸಿ.