ಗಿಡಕ್ಕೂ ಒಂದು ಮಾತಿರಲಿ

ಪ್ರಶ್ನೆ: ನಾನು ಚಿತ್ರಕಲಾ ವಿದ್ಯಾರ್ಥಿನಿ. ಹಾವಸೆ, ಜರೀಗಿಡ, ಸದ್ದು, ವಾಸನೆಗಳನ್ನು ಸೇರಿಸಿ ಪ್ರತಿಷ್ಠಾಪನಾ ಕಲಾಕೃತಿಯೊಂದನ್ನು (ಇನ್‌ಸ್ಟಲೇಶನ್) ಮಾಡುತ್ತಿದ್ದೇನೆ. ನೋಡುಗರು ಮುಟ್ಟಿದರೆ ದೀಪ ಹೊತ್ತಿ ಸಂಗೀತ ಕೇಳಿಸಬೇಕು. ಆದರೆ ಎಲ್ಲರೂ ಮುಟ್ಟಿ ಗಿಡ ಬಾಡಿಹೋಗುತ್ತದೆಂಬ ಭಯವಿದೆ. ಪ್ಲಾಸ್ಟಿಕ್ ಗಿಡ ಇಡಬಹುದೇ?

ಉತ್ತರ: ದಯವಿಟ್ಟು ಬೇಡ. ಪ್ಲಾಸ್ಟಿಕ್ ಇಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಅಲಂಕರಿಸಿದ ಸ್ವಿಚ್ಚು. ಬಾಡಬಹುದೆಂಬ ಆ ಭಯ ನೋಡುಗರಿಗೂ ತಟ್ಟಬೇಕು.

ಮುಟ್ಟಲೇಬೇಕೆಂದೂ ಇಲ್ಲ. ಕ್ರಿಸ್ಟಾ ಸೊಮ್ಮರರ್ ಮತ್ತು ಲೋರಾಂ ಮಿನ್ಯೊನೊ ಎಂಬ ಕಲಾವಿದರು 1992ರಲ್ಲಿ ನಿಜವಾದ ಗಿಡಗಳನ್ನು ಕಂಪ್ಯೂಟರಿಗೆ ಜೋಡಿಸಿದರು. ನೋಡುಗರಿಗೂ ಗಿಡಕ್ಕೂ ನಡುವಿನ ವಿದ್ಯುತ್ ವಿಭವದ (ವೋಲ್ಟೇಜಿನ) ವ್ಯತ್ಯಾಸವನ್ನು ಅಳೆದು, ಪರದೆಯ ಮೇಲೆ ಕೃತಕ ಗಿಡಗಳು ಬೆಳೆಯುವಂತೆ ಮಾಡಿದರು. ಕೈ ಎಷ್ಟು ಹತ್ತಿರ ಬಂದಿದೆ ಎಂಬುದಕ್ಕೆ ತಕ್ಕಂತೆ ಬೆಳವಣಿಗೆ ಬದಲಾಗುತ್ತಿತ್ತು. ಎಲೆ ಹಿಚುಕುವ ಅಗತ್ಯವೇ ಇರಲಿಲ್ಲ.

ನನಗೆ ಇದಕ್ಕಿಂತ ಪ್ರಿಯವಾದುದು ಕಲಾವಿದ ವುಲ್ಫ್‌ಗ್ಯಾಂಗ್ ಬಟ್ರೆಸ್ ಅವರ ‘ದಿ ಹೈವ್’ (ಜೇನುಗೂಡು). 2015ರ ಮಿಲಾನ್ ಎಕ್ಸ್‌ಪೋ ಎಂಬ ವಿಶ್ವಮೇಳಕ್ಕಾಗಿ ರೂಪುಗೊಂಡ, ಮರುವರ್ಷ ಲಂಡನ್ನಿನ ಕ್ಯೂ ಉದ್ಯಾನ ಸೇರಿದ, 17 ಮೀಟರ್ ಎತ್ತರದ ಅಲ್ಯೂಮಿನಿಯಂ ಜಾಲರಿ ಅದು. ನಿಜವಾದ ಜೇನುಗೂಡಿನ ಒಳಗಿನ ಕಂಪನಕ್ಕೆ ಅನುಗುಣವಾಗಿ ಅದರ ಸುಮಾರು 1,000 ದೀಪಗಳು ಬೆಳಗುತ್ತವೆ, ಮಂಕಾಗುತ್ತವೆ. ಮರದ ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿ ಅಲ್ಲಿನ ಸಾಧನಕ್ಕೆ ತಾಗಿಸಿದರೆ, ಜೇನುಗಳ ಸಂಕೇತಗಳ ನಡುಕ ತಲೆಬುರುಡೆಯ ಮೂಳೆಯ ಮೂಲಕವೇ ಒಳಕ್ಕೆ ಬರುತ್ತದೆ. ಅಲ್ಲಿ ನೋಡುಗರು ಯಾವ ಅಪ್ಪಣೆಯನ್ನೂ ಕೊಡುವಂತಿಲ್ಲ. ಗೂಡು ಸದ್ದಿಲ್ಲದೆ ಇದ್ದರೆ ಕಾಯಬೇಕು. ಭಾಗವಹಿಸುವುದೆಂದರೆ ಇದೇ ಎಂದು ನಾನು ನಂಬಿದ್ದೇನೆ. ಮುಟ್ಟಿದ ತಕ್ಷಣ ಸಂಗೀತ ಕೇಳಿಸುವ ನಿಮ್ಮ ಯೋಜನೆಯಲ್ಲಿ ನನಗೆ ಕೊರತೆಯಾಗಿ ಕಾಣುವುದು ಈ ಕಾಯುವಿಕೆ.

ಹಾವಸೆಯಿಂದಲೇ ಅದನ್ನು ತರಬಹುದು. ಹಾವಸೆಗೆ ನಿಜವಾದ ಬೇರಿಲ್ಲ, ಎಲೆಗಳಿಂದಲೇ ನೀರು ಹೀರುತ್ತದೆ. ಒಣಗಿ ಮುದುಡಿದ ಹಲವು ಜಾತಿಗಳು ನೀರು ಸೋಕಿದ ಕೆಲವೇ ನಿಮಿಷಗಳಲ್ಲಿ ಬಿಚ್ಚಿಕೊಂಡು ಹಸಿರಾಗುತ್ತವೆ. ಎಂಥ ಚೆಲುವು ಅದು! ಅಂಥ ಜಾತಿಯನ್ನೇ ಆರಿಸಿ, ನೋಡುಗರ ಕೈಗೆ ನೀರು ಸಿಂಪಡಿಸುವ ಬಾಟಲಿ ಕೊಡಿ. ಹಸಿ ಮಣ್ಣಿನ ವಾಸನೆ ತಾನಾಗಿ ಏಳುತ್ತದೆ, ಸುಗಂಧದ ಯಂತ್ರ ಬೇಕಿಲ್ಲ. ತೇವ ಅಳೆಯುವ ಸಂವೇದಕವನ್ನು ಸಂಗೀತಕ್ಕೆ ಜೋಡಿಸಿ. ನೀರು ಸಾಕಾದಾಗ ಸಂಗೀತ ನಿಲ್ಲಲಿ. ಮುಂದಿನವರು ಹಾವಸೆ ಆರುವವರೆಗೆ ಪಕ್ಕದಲ್ಲಿ ಕುಳಿತು ನೋಡಲಿ. ಅದಕ್ಕೊಂದು ಬೆಂಚು ಇಡಿ.

ಜರೀಗಿಡವನ್ನು ಕೈಗೆಟುಕದಷ್ಟು ಹಿಂದಕ್ಕಿಡಿ. ರಾತ್ರಿ ದೀಪ ಆರಿಸಿ. ಪ್ರದರ್ಶನ ಮುಗಿದ ಮೇಲೆ ಇವನ್ನೆಲ್ಲ ಯಾರು ಸಾಕುತ್ತಾರೆ ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿ, ಅವರ ಹೆಸರನ್ನೂ ಕಲಾವಿದರ ಸಾಲಿನಲ್ಲೇ ಬರೆಯಿರಿ.