ಗೆಳೆಯರು ಹೇಳಿದ ಸಂಗೀತ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾದವನು. ಇಷ್ಟು ವರ್ಷವೂ ಹಳೆಯ ಚಿತ್ರಗೀತೆ ಮತ್ತು ಭಾವಗೀತೆಗಳನ್ನು ಬಿಟ್ಟು ಬೇರೇನನ್ನೂ ಮನಸ್ಸಿಟ್ಟು ಕೇಳಿದವನಲ್ಲ. ಈ ವರ್ಷ ತಿಂಗಳಿಗೊಬ್ಬ ಸ್ನೇಹಿತರನ್ನು ವಿಚಾರಿಸಿ, ಅವರು ಹೇಳಿದ ಸಂಗೀತ ಯಾವುದೇ ಇರಲಿ, ಅದನ್ನು ಕೇಳಿಯೇ ತೀರಬೇಕೆಂದು ಹಟ ತೊಟ್ಟಿದ್ದೇನೆ. ಧಾರವಾಡದ ಗೆಳೆಯರೊಬ್ಬರು ಮಲ್ಲಿಕಾರ್ಜುನ ಮನ್ಸೂರರ ಹಿಂದುಸ್ತಾನಿ ಖ್ಯಾಲ್ ಗಾಯನ ಕೇಳಿ ಎಂದರು. ತಂಗಿಯ ಮಗಳು ಅಮೆರಿಕದ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಎಂಬ ಜಾಝ್ ಆಲ್ಬಮ್ ಕೇಳಲು ಹೇಳಿದಳು. ಎರಡನ್ನೂ ಕೇಳಿದೆ. ಎರಡರಲ್ಲೂ ಯಾವ ಎಳೆ ಹಿಡಿದು ಒಳಗೆ ಹೋಗಬೇಕೋ ತಿಳಿಯಲಿಲ್ಲ. ಹಟ ಬಿಡಲು ಮನಸ್ಸಿಲ್ಲ. ದಾರಿ ತೋರಿಸುವಿರಾ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಿಮ್ಮ ಹಟ ಮೆಚ್ಚುವಂಥದ್ದೇ. ತಿಂಗಳಿಗೊಬ್ಬರು ಎಂಬ ಲೆಕ್ಕವೂ ಸರಿಯಾಗಿದೆ. ವಾರಕ್ಕೊಬ್ಬರು ಎಂದು ಹೊರಟವರು ಸಾಮಾನ್ಯವಾಗಿ ಯುಗಾದಿಯ ಹೊತ್ತಿಗೆ ಕೈಬಿಟ್ಟಿರುತ್ತಾರೆ. ಕೊರತೆ ಇರುವುದು ಬೇರೆ ಕಡೆ. ನೀವು ಗೆಳೆಯರಿಂದ ಕಲಾವಿದರ ಹೆಸರನ್ನು ಪಡೆದಿರೇ ಹೊರತು ಅವರು ಆ ಸಂಗೀತವನ್ನು ಕೇಳುವ ಬಗೆಯನ್ನು ಪಡೆಯಲಿಲ್ಲ. ಮನ್ಸೂರರು ದೊಡ್ಡವರೆಂದು ಯಾವ ಪುಸ್ತಕವಾದರೂ ಹೇಳೀತು. ಅವರ ಗಾಯನದ ಯಾವ ಜಾಗದಲ್ಲಿ ನಿಮ್ಮ ಗೆಳೆಯರ ತಲೆ ತಾನಾಗಿ ತೂಗುತ್ತದೆ ಎಂಬುದನ್ನು ಹೇಳಬಲ್ಲವರು ಆ ಗೆಳೆಯರು ಮಾತ್ರ. ಆದ್ದರಿಂದ ಇನ್ನು ಮುಂದೆ ಯಾರನ್ನು ವಿಚಾರಿಸಿದರೂ, ನಿರ್ದಿಷ್ಟವಾಗಿ ಯಾವ ಧ್ವನಿಮುದ್ರಣ ಮತ್ತು ಅದರಲ್ಲಿ ಅವರಿಗೆ ಪ್ರಿಯವಾದ ಜಾಗ ಯಾವುದು ಎಂದು ಬಿಡದೆ ಕೇಳಿ. ‘ಮನ್ಸೂರರನ್ನು ಕೇಳಿ’ ಎನ್ನುವ ಸಲಹೆ ‘ಮಲೆನಾಡನ್ನು ನೋಡಿ’ ಎಂಬ ಸಲಹೆಯಷ್ಟೇ ಉಪಯುಕ್ತ.

ಮನ್ಸೂರರ ವಿಷಯದಲ್ಲಂತೂ ಈ ಎಚ್ಚರ ಬೇಕೇ ಬೇಕು. 1910ರಲ್ಲಿ ಧಾರವಾಡದ ಹತ್ತಿರದ ಮನ್ಸೂರಿನಲ್ಲಿ ಹುಟ್ಟಿದ ಅವರು ಮೊದಲು ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಅನಂತರ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ ಜೈಪುರ-ಅತ್ರೌಲಿ ಘರಾಣೆಯ (ಗಾಯನ ಪರಂಪರೆಯ) ತಾಲೀಮು ಪಡೆದವರು. ಅಪರೂಪದ ರಾಗಗಳೂ ಜೋಡುರಾಗಗಳೂ ಆ ಘರಾಣೆಯ ಹೆಮ್ಮೆ. ಅವರ ಬಸಂತಿ ಕೇದಾರದಲ್ಲಿ ಬಸಂತವೂ ಕೇದಾರವೂ ಒಂದರೊಳಗೊಂದು ನುಸುಳಿ ಹೊರಬರುವುದೇ ರಸ. ಆ ಎರಡು ರಾಗಗಳನ್ನು ಬೇರೆಬೇರೆಯಾಗಿ ಕೇಳಿರದ ಕಿವಿಗೆ ಆ ಆಟ ಗೋಚರಿಸುವುದೇ ಇಲ್ಲ. ನೀವು ಕೇಳಿದ್ದು ಯಾವ ರಾಗವೆಂದು ಬರೆದಿಲ್ಲ. ಅದು ಇಂಥ ಜೋಡುರಾಗವಾಗಿದ್ದರೆ ಸದ್ಯಕ್ಕೆ ಪಕ್ಕಕ್ಕಿಟ್ಟು, ಅದರೊಳಗಿನ ಒಂದೊಂದು ರಾಗವನ್ನು ಪ್ರತ್ಯೇಕವಾಗಿ ಹಾಡಿರುವ ಧ್ವನಿಮುದ್ರಣಗಳನ್ನು ನಿಮ್ಮ ಗೆಳೆಯರಿಂದಲೇ ಕೇಳಿ ಪಡೆಯಿರಿ.

ಇನ್ನು ಹಿಡಿಯಬೇಕಾದ ಎಳೆ. ಖ್ಯಾಲ್‌ಗೆ ಹೊಸಬರಾದವರು ರಾಗವನ್ನು ಅರ್ಥಮಾಡಿಕೊಳ್ಳಲು ಹೊರಟು ಸೋಲುತ್ತಾರೆ. ನಾನಾದರೆ ತಾಳದಿಂದ ಆರಂಭಿಸಿ ಎನ್ನುತ್ತೇನೆ. ಮನ್ಸೂರರ ವಿಲಂಬಿತ (ನಿಧಾನ ಲಯದ) ಬಂದಿಶ್‌ಗಳು, ಅಂದರೆ ಹಾಡಿನ ರಚನೆಗಳು, ಹೆಚ್ಚಾಗಿ ತೀನತಾಲದಲ್ಲಿ, ಕಿರಾಣಾ ಘರಾಣೆಯವರಷ್ಟು ನಿಧಾನವಲ್ಲದ ಲಯದಲ್ಲಿ ಇರುತ್ತವೆ. ತೀನತಾಲದ ಒಂದು ಸುತ್ತಿಗೆ, ಅಂದರೆ ಆವರ್ತನಕ್ಕೆ, 16 ಮಾತ್ರೆ (ಎಣಿಕೆ). ಗಾಯಕರನ್ನು ಸ್ವಲ್ಪ ಹೊತ್ತು ಮರೆತು ತಬಲಾದ ಜೋಡಿಯಲ್ಲಿ ಎಡಗೈಯ ದಪ್ಪ ನಾದದ ಡಗ್ಗಾವನ್ನು ಮಾತ್ರ ಕೇಳಿ. ‘ಧಾ ಧಿಂ ಧಿಂ ಧಾ’ ಎನ್ನುವಲ್ಲೆಲ್ಲ ಅದರ ಗುಂಕಾರವಿರುತ್ತದೆ. ಒಂಬತ್ತನೆಯ ಮಾತ್ರೆ ದಾಟಿ ‘ತಿಂ ತಿಂ ತಾ’ ಬರುವಾಗ ಆ ಗುಂಕಾರ ಅಡಗಿ ಬಲಗೈಯ ತೆಳುವಾದ ನಾದವಷ್ಟೇ ಉಳಿಯುತ್ತದೆ. ಅದು ಖಾಲಿಯ ಭಾಗ. ಅಡಗಿದ ಗುಂಕಾರ ಮರಳಿ ಬಂದ ಕೂಡಲೇ ಸಮ, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆ, ಹತ್ತಿರವಾಯಿತೆಂದು ತಿಳಿದು, ಕಿವಿಯನ್ನು ಗಾಯಕರ ಕಡೆಗೆ ತಿರುಗಿಸಿ. ತಾನ್ (ವೇಗದ ಸ್ವರಗಳ ಸಾಲು) ಇನ್ನೂ ಮುಗಿದಿಲ್ಲ, ಇವರು ಸಮಕ್ಕೆ ಹೇಗೆ ಬಂದು ತಲುಪಿಯಾರು ಎಂದು ನಿಮಗೆ ಅನ್ನಿಸುವಷ್ಟರಲ್ಲಿ ಮನ್ಸೂರರು ಬಂದಿಶ್‌ನ ಮುಖಡಾವನ್ನು (ಆರಂಭದ ತುಣುಕನ್ನು) ಹಿಡಿದು ನೇರವಾಗಿ ಸಮದ ಮೇಲೆ ನಿಂತಿರುತ್ತಾರೆ. ಒಮ್ಮೆ ಇದು ಕಿವಿಗೆ ಸಿಕ್ಕಿತೆಂದರೆ ಪ್ರತಿ ಆವರ್ತನದಲ್ಲೂ ಅದಕ್ಕಾಗಿ ಕಾಯತೊಡಗುತ್ತೀರಿ. ಆ ಕಾಯುವಿಕೆಯ ನಡುವೆಯೇ ರಾಗದ ಪರಿಚಯವೂ ನಿಮಗೆ ತಿಳಿಯದಂತೆ ಆಗುತ್ತಾ ಹೋಗುತ್ತದೆ.

ತಂಗಿಯ ಮಗಳು ಹೇಳಿದ ಜಾಝ್ ಆಲ್ಬಮ್ ನೀವು ಅಂದುಕೊಂಡಷ್ಟು ದೂರದ್ದಲ್ಲ. 1959ರಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣವಾದ ಅದರಲ್ಲಿ ಇರುವುದು ಐದೇ ವಾದನಗಳು. ಆ ಕಾಲದ ಜಾಝ್‌ನಲ್ಲಿ ಒಟ್ಟಿಗೆ ನುಡಿಯುವ ಸ್ವರಮೇಳಗಳು (ಕಾರ್ಡ್‌ಗಳು) ಒಂದರ ಹಿಂದೆ ಒಂದರಂತೆ ವೇಗವಾಗಿ ಬದಲಾಗುತ್ತಿದ್ದವು. ಡೇವಿಸ್ ಆ ಗಡಿಬಿಡಿಯನ್ನು ಬಿಟ್ಟು, ಒಂದೇ ಸ್ವರಶ್ರೇಣಿಯ ಮೇಲೆ ಬಹಳ ಹೊತ್ತು ನಿಂತು ಮನೋಧರ್ಮಕ್ಕೆ (ಆಗಲೇ ಹೊಳೆದದ್ದನ್ನು ನುಡಿಸುವುದಕ್ಕೆ) ಎಡೆ ಮಾಡಿಕೊಟ್ಟರು. ಮೊದಲ ವಾದನವನ್ನಷ್ಟೇ ತೆಗೆದುಕೊಳ್ಳಿ. ಆರಂಭದ ಪೀಠಿಕೆ ಮುಗಿದ ಮೇಲೆ ನೆಲಕ್ಕೆ ನಿಲ್ಲಿಸಿ ಬೆರಳಿನಿಂದ ಮೀಟುವ ದೊಡ್ಡ ತಂತಿವಾದ್ಯ ಒಂದು ಸಾಲನ್ನು ನುಡಿಸುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಅಲ್ಲಿ ಬಳಸಿದ ಸ್ವರಶ್ರೇಣಿಯನ್ನು ಅವರು ಡೋರಿಯನ್ ಎನ್ನುತ್ತಾರೆ. ಸ್ವರಸ್ಥಾನಗಳ ಮಟ್ಟಿಗೆ ಅದು ಹಿಂದುಸ್ತಾನಿಯವರ ಕಾಫಿ ಥಾಟ್, ಕರ್ನಾಟಕ ಸಂಗೀತದ 22ನೆಯ ಮೇಳವಾದ ಖರಹರಪ್ರಿಯ. ಹಾಗೆಂದು ಅದನ್ನು ರಾಗವೆಂದು ತಿಳಿಯಬಾರದು, ಸ್ವರವನ್ನು ತೂಗಾಡಿಸುವ ಗಮಕವಾಗಲೀ ರಾಗದ ಚಲನೆಯಾಗಲೀ ಅಲ್ಲಿಲ್ಲ. ನಮ್ಮ ಕಿವಿಗೆ ನಿಜವಾಗಿ ಹೊಸದಾದದ್ದು ಇನ್ನೊಂದಿದೆ. ನಾಲ್ಕು ನಾಲ್ಕು ಎಣಿಕೆಯ 32 ಕಟ್ಟುಗಳು ಅಲ್ಲಿ ಒಂದು ಆವರ್ತನವಿದ್ದಂತೆ. ಮೊದಲ 16 ಕಟ್ಟುಗಳು ಮುಗಿದೊಡನೆ ಇಡೀ ಸ್ವರಶ್ರೇಣಿ ಅರ್ಧ ಸ್ವರದಷ್ಟು ಮೇಲೇರಿ, ಎಂಟು ಕಟ್ಟು ಅಲ್ಲಿದ್ದು, ಮತ್ತೆ ಎಂಟು ಕಟ್ಟಿಗೆ ಮೊದಲಿನ ಸ್ಥಾನಕ್ಕೆ ಇಳಿಯುತ್ತದೆ. ಕಛೇರಿಯ ಉದ್ದಕ್ಕೂ ತಂಬೂರಿಯ ಷಡ್ಜ ಕದಲದೆ ಇರುವುದನ್ನು ರೂಢಿ ಮಾಡಿಕೊಂಡ ನಮಗೆ ಆ ಕ್ಷಣದಲ್ಲಿ ಕಾಲ ಕೆಳಗಿನ ನೆಲ ಸರಿದಂತಾಗುತ್ತದೆ. ಆ ಸ್ಥಾನಪಲ್ಲಟವನ್ನು ಎಣಿಸಿ ಕಾದು ಹಿಡಿಯಿರಿ. ಹಿಡಿದ ಮೇಲೆ ತಂಗಿಯ ಮಗಳಿಗೆ ಫೋನ್ ಮಾಡಿ ಹೇಳಿ. ಮುಂದಿನ ಪಾಠ ಅವಳಿಂದಲೇ ಬರುತ್ತದೆ.

ಎಷ್ಟು ಸಲ ಕೇಳಬೇಕು? ಪದೇ ಪದೇ ಕಂಡದ್ದರ ಮೇಲೆ ಮನಸ್ಸಿಗೆ ಒಲವು ಬೆಳೆಯುತ್ತದೆಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲಿ, ಅರ್ಥವಿಲ್ಲದ ಪದಗಳನ್ನೂ ಅಪರಿಚಿತ ಲಿಪಿಯ ಅಕ್ಷರಗಳನ್ನೂ ಮುಖಚಿತ್ರಗಳನ್ನೂ ಜನರಿಗೆ ತೋರಿಸಿ, ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಸಂಗೀತ ಕೇಳುವವರಿಗೆ ಇದು ಅನುಭವದಿಂದಲೇ ಗೊತ್ತು. ಒಂದೇ ಧ್ವನಿಮುದ್ರಣವನ್ನು ಒಂದು ವಾರ ಕೇಳಿ, ಆದರೆ ಪತ್ರಿಕೆ ಓದುತ್ತಲೋ ತರಕಾರಿ ಹೆಚ್ಚುತ್ತಲೋ ಅಲ್ಲ. ಮೊದಲ ದಿನ ಆಕಳಿಕೆ ಬಂದರೆ ಅದು ಸಂಗೀತದ ಬಗ್ಗೆ ಇನ್ನೂ ಏನನ್ನೂ ಹೇಳುವುದಿಲ್ಲ. ವಾರ ಕಳೆದ ಮೇಲೂ ಒಗ್ಗದಿದ್ದರೆ ಸಂಕೋಚವಿಲ್ಲದೆ ಬಿಟ್ಟು ಮುಂದಿನ ಗೆಳೆಯರ ಬಳಿಗೆ ಹೋಗಿ.

ಪ್ರಶ್ನೆ: ಪ್ರತಿ ಸೋಮವಾರ ನನ್ನ ಮೊಬೈಲಿನ ಆ್ಯಪ್ ನನಗೆಂದೇ 30 ಹೊಸ ಹಾಡುಗಳನ್ನು ಆರಿಸಿ ಕೊಡುತ್ತದೆ. ಬಹುಪಾಲು ಇಷ್ಟವೂ ಆಗುತ್ತವೆ. ಹೀಗಿರುವಾಗ ಗೆಳೆಯರನ್ನು ಕೇಳುವ ಕಷ್ಟ ಏಕೆ?
(ಪದವಿ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಇಷ್ಟವಾಗುತ್ತವೆ ಎಂಬುದೇ ಅದರ ಮಿತಿ. ಸ್ಪಾಟಿಫೈ 2015ರಲ್ಲಿ ಶುರು ಮಾಡಿದ ಆ ಸೋಮವಾರದ ಪಟ್ಟಿ, ಮುಖ್ಯವಾಗಿ, ನಿಮ್ಮಂತೆಯೇ ಕೇಳುವ ಇತರರು ತಮ್ಮ ಪಟ್ಟಿಗಳಲ್ಲಿ ಸೇರಿಸಿಕೊಂಡಿರುವ, ಆದರೆ ನೀವಿನ್ನೂ ಕೇಳದ ಹಾಡುಗಳನ್ನು ಹುಡುಕಿ ತರುತ್ತದೆ. ಹೆಸರಿಲ್ಲದ ಎಷ್ಟೋ ಒಳ್ಳೆಯ ಕಲಾವಿದರು ಈ ದಾರಿಯಿಂದ ಕೇಳುಗರನ್ನು ಮುಟ್ಟಿದ್ದಾರೆ, ಆದ್ದರಿಂದ ಅದನ್ನು ಹಳಿಯಲಾರೆ. ಆದರೆ ಅದು ನಿಮ್ಮನ್ನು ನಿಮ್ಮ ಓಣಿಯ ಪಕ್ಕದ ಓಣಿಗೆ ಕರೆದೊಯ್ಯುತ್ತದೆ, ಬೇರೆ ಊರಿಗೆ ಕರೆದೊಯ್ಯುವುದು ಕಡಿಮೆ. ಇನ್ನೂ ಒಂದು ಸಂಗತಿ ಇದೆ. ಅಲ್ಲಿ ಒಂದು ಹಾಡನ್ನು ‘ಕೇಳಲಾಯಿತು’ ಎಂದು ಲೆಕ್ಕಕ್ಕೆ ಹಿಡಿಯಲು 30 ಸೆಕೆಂಡು ಸಾಕು. ಅತಿ ವಿಲಂಬಿತ ಏಕತಾಲದ 12 ಮಾತ್ರೆಗಳ ಒಂದು ಆವರ್ತನಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುತ್ತದೆ. ಬೆರಳಿನಿಂದ ಹಾಡು ದಾಟಿಸುವ ಅಭ್ಯಾಸವಾದವರು ಭೀಮಸೇನ ಜೋಶಿಯವರ ಮೊದಲ ಸಮ ಬರುವುದಕ್ಕೆ ಮೊದಲೇ ಮುಂದಿನದಕ್ಕೆ ಹೋಗಿರುತ್ತಾರೆ. ಗೆಳತಿಯೊಬ್ಬಳು ‘ಹತ್ತು ನಿಮಿಷ ತಡಿ, ಆಮೇಲೆ ಹೇಳು’ ಎಂದಿದ್ದರೆ ನೀವು ತಡೆಯುತ್ತೀರಿ, ಏಕೆಂದರೆ ನಾಳೆ ಅವಳು ಕ್ಯಾಂಟೀನಿನಲ್ಲಿ ವಿಚಾರಿಸುತ್ತಾಳೆ. ಆ್ಯಪ್‌ಗೆ ಅಂಥ ದಾಕ್ಷಿಣ್ಯದ ಬಲವಿಲ್ಲ.

ಜೋಶಿಯವರ ಮಾತು ಬಂತಾದ್ದರಿಂದ ಇದನ್ನೂ ಹೇಳಬಹುದು. ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯನ್ನು ಗ್ರಾಮಫೋನ್ ರೆಕಾರ್ಡಿನಲ್ಲಿ ಕೇಳಿ ಅವರು ಮರುಳಾದರು; ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟು ಹೋದರು. ಗ್ವಾಲಿಯರ್ ಮೊದಲಾದ ಊರುಗಳನ್ನು ಸುತ್ತಿ ಜಲಂಧರಿನಲ್ಲಿದ್ದಾಗ, ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರು ನಿನ್ನ ಊರಿನ ಹತ್ತಿರದ ಕುಂದಗೋಳದಲ್ಲೇ ಇರುವಾಗ ಇಷ್ಟು ದೂರ ಏಕೆ ಬಂದೆ ಎಂದು ವಿನಾಯಕರಾವ್ ಪಟವರ್ಧನರು ತಿಳಿಹೇಳಿದರಂತೆ. ಆಸೆ ಹುಟ್ಟಿಸಿದ್ದು ಯಂತ್ರವೇ ಸರಿ, ಆದರೆ ಎಲ್ಲಿಗೆ ಹೋಗಬೇಕೆಂದು ಹೇಳಿದ್ದು ಆ ಹುಡುಗನನ್ನು ಎದುರಿಗೆ ಕಂಡ ಮನುಷ್ಯ. ನಿಮ್ಮ ಸೋಮವಾರದ ಪಟ್ಟಿಯನ್ನು ಇಟ್ಟುಕೊಳ್ಳಿ. ಜೊತೆಗೆ, ನಿಮ್ಮ ಅಭಿರುಚಿಗೆ ಸ್ವಲ್ಪವೂ ಹೊಂದದ ಸಂಗೀತ ಕೇಳುವ ಗೆಳತಿಯೊಬ್ಬಳನ್ನು ಆರಿಸಿಕೊಳ್ಳಿ. ನಿಮ್ಮಂತೆಯೇ ಕೇಳುವವರನ್ನು ಹುಡುಕುವ ಕೆಲಸವನ್ನು ಆ್ಯಪ್ ಆಗಲೇ ಮಾಡಿದೆ.

ಪ್ರಶ್ನೆ: ಚೆನ್ನೈಯಲ್ಲಿರುವ ನನ್ನ ಆಪ್ತ ಗೆಳತಿ ಎಂ. ಡಿ. ರಾಮನಾಥನ್ ಅವರ ಕಛೇರಿಯೊಂದನ್ನು ಕಳುಹಿಸಿದ್ದಾಳೆ. ಬಹಳ ನಿಧಾನ ಎನ್ನಿಸಿ ಅರ್ಧಕ್ಕೆ ನಿಲ್ಲಿಸಿದೆ. ಅವಳಿಗೆ ನೋವಾಗದಂತೆ ಹೇಳುವುದು ಹೇಗೆ?
(ಶಾಲಾ ಶಿಕ್ಷಕಿ, ಪುತ್ತೂರು)

ಉತ್ತರ: ನಿಧಾನ ಎನ್ನಿಸಿತು ಎಂದೇ ಹೇಳಿ, ಅದರಲ್ಲಿ ನೋವಿಗೆ ಕಾರಣವಿಲ್ಲ. ಟೈಗರ್ ವರದಾಚಾರ್ಯರ ಶಿಷ್ಯರಾದ ರಾಮನಾಥನ್ ಚೌಕಕಾಲದ ಗಾಯನಕ್ಕೇ ಹೆಸರಾದವರು. ನಿಮ್ಮನ್ನು ತಡೆದ ಆ ನಿಧಾನವೇ ನಿಮ್ಮ ಗೆಳತಿಯನ್ನು ಹಿಡಿದಿಟ್ಟಿದ್ದರೂ ಇರಬಹುದು. ‘ಚೆನ್ನಾಗಿದೆ’ ಎಂದು ಸುಳ್ಳು ಹೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಮೇಲಾಗಿ ಅಂಥವೇ ಇನ್ನೂ ನಾಲ್ಕು ಕಛೇರಿಗಳು ಬರುತ್ತವೆ. ಎಲ್ಲಿ ನಿಲ್ಲಿಸಿದಿರಿ ಎಂಬುದನ್ನು ತಿಳಿಸಿ, ಅಲ್ಲಿಂದ ಮುಂದೆ ಏನಿದೆ ಎಂದು ಕೇಳಿ. ಸಾಧ್ಯವಾದರೆ ರಜೆಯಲ್ಲಿ ಇಬ್ಬರೂ ಒಟ್ಟಿಗೆ ಕುಳಿತು ಕೇಳಿ. ಚಾಮರಾಜಪೇಟೆಯ ರಾಮನವಮಿ ಕಛೇರಿಗಳಿಗೆ ಹೋದವರು ಬಲ್ಲರು: ಪಕ್ಕದಲ್ಲಿ ಕುಳಿತ ರಸಿಕರೊಬ್ಬರು ತೊಡೆಯ ಮೇಲೆ ಹಾಕುವ ತಾಳವನ್ನು ನೋಡಿಯೇ ಎಷ್ಟೋ ಸಂಗತಿ ತಿಳಿದುಬಿಡುತ್ತದೆ.

ಪ್ರಶ್ನೆ: ನಾನು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಸಹೋದ್ಯೋಗಿಗಳು ತಮ್ಮ ನಾಡಿನ ಸಂಗೀತವನ್ನು ನನಗೆ ಕೇಳಿಸುತ್ತಾರೆ, ಈಗ ನನ್ನ ಸರದಿ. ಕನ್ನಡ ಬಾರದವರಿಗೆ ಕನ್ನಡದ್ದೇ ಆದ ಏನನ್ನು ಕೊಡಲಿ?
(ಕನ್ನಡಿಗರೊಬ್ಬರು, ಸ್ಟುಟ್‌ಗಾರ್ಟ್)

ಉತ್ತರ: ಭಾವಗೀತೆ ಬೇಡ. ಅದು ನಮಗೆ ಎಷ್ಟೇ ಪ್ರಿಯವಾಗಿದ್ದರೂ ಕವಿತೆಯ ಅರ್ಥ ತಿಳಿಯದವರಿಗೆ ಅರ್ಧಕ್ಕಿಂತ ಹೆಚ್ಚು ಕೈತಪ್ಪುತ್ತದೆ. ಚಿತ್ರಗೀತೆಯಾದರೆ ಅವರ ಗಮನ ವಾದ್ಯವೃಂದದ ಮೇಲೆ ಹೋಗುತ್ತದೆ. ಮನ್ಸೂರರು ಹಾಡಿದ ಅಕ್ಕಮಹಾದೇವಿಯ ವಚನ ನನ್ನ ಮೊದಲ ಆಯ್ಕೆ. ಎರಡೂವರೆ ತಾಸಿನ ಕಛೇರಿಗೆ ಸಲ್ಲುವ ಕಂಠಸಾಮರ್ಥ್ಯವನ್ನೆಲ್ಲ ಕೆಲವೇ ನಿಮಿಷಗಳಲ್ಲಿ ಅಡಗಿಸಿಟ್ಟ ಆ ಗಾಯನದಲ್ಲಿ, ಮಾತು ತಿಳಿಯದವರೂ ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಎಂಬಷ್ಟನ್ನು ತಿಳಿಯುತ್ತಾರೆ. ಜರ್ಮನಿಯವರಿಗೆ ಸ್ಯಾಕ್ಸೋಫೋನ್ ಚಿರಪರಿಚಿತವಾದ್ದರಿಂದ ಕದ್ರಿ ಗೋಪಾಲನಾಥರ ವಾದನವೂ ಒಳ್ಳೆಯ ಬಾಗಿಲು. ತಮಗೆ ಗೊತ್ತಿರುವ ವಾದ್ಯದಲ್ಲಿ ಗಮಕ ಹೊರಡುವುದನ್ನು ಕೇಳಿದಾಗ, ಇದು ಹೇಗೆ ಸಾಧ್ಯ ಎಂದು ಅವರೇ ಪ್ರಶ್ನೆ ಕೇಳುತ್ತಾರೆ. ಎರಡರಲ್ಲಿ ಒಂದನ್ನು ಮಾತ್ರ ಕೊಡಿ. ವಚನವನ್ನು ಕೊಡುವುದಾದರೆ ಪೂರ್ತಿ ಅನುವಾದವನ್ನು ಕಳುಹಿಸಬೇಡಿ. ಹನ್ನೆರಡನೆಯ ಶತಮಾನದ ಒಬ್ಬ ಹೆಣ್ಣುಮಗಳ ಮಾತು ಇದು, ಹಾಡುತ್ತಿರುವವರು ಇಪ್ಪತ್ತನೆಯ ಶತಮಾನದ ಧಾರವಾಡದವರು ಎಂಬಷ್ಟನ್ನು ಹೇಳಿ, ನಿಮಗೆ ಪ್ರಿಯವಾದ ಜಾಗ ಎಷ್ಟನೆಯ ನಿಮಿಷದಲ್ಲಿ ಬರುತ್ತದೆಂದು ಬರೆದುಕೊಡಿ. ಹೇಗಿತ್ತು ಎಂದು ಮರುದಿನವೇ ವಿಚಾರಿಸಲು ಹೋಗಬೇಡಿ, ಅವರಾಗಿ ಮಾತು ತೆಗೆಯುವವರೆಗೆ ಕಾಯಿರಿ.