ನಾಗವಲ್ಲಿಯನ್ನು ಮನೆಯಲ್ಲಿ ಹುಡುಕಬೇಡಿ

ಟಿ.ವಿ.ಯಲ್ಲಿ ‘ಆಪ್ತಮಿತ್ರ’ ಮರುಪ್ರಸಾರವಾದ ವಾರ ಈ ಅಂಕಣಕ್ಕೆ ಯಾವ ಪತ್ರಗಳು ಬರುತ್ತವೆಂಬುದು ನನಗೆ ಮೊದಲೇ ಗೊತ್ತಿರುತ್ತದೆ. ಈ ಸಲದ ಪತ್ರಗಳಲ್ಲಿ ಒಂದಕ್ಕೆ ಮಾತ್ರ ವಿಸ್ತಾರವಾಗಿ ಉತ್ತರಿಸುತ್ತೇನೆ; ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಪ್ರಶ್ನೆ: ನನ್ನ ತಂಗಿಗೆ 24 ವರ್ಷ. ಒಮ್ಮೊಮ್ಮೆ ಪುಟ್ಟ ಮಗುವಿನ ದನಿಯಲ್ಲಿ ಮಾತನಾಡುತ್ತಾಳೆ. ಆಮೇಲೆ ಕೇಳಿದರೆ ನೆನಪಿಲ್ಲ ಎನ್ನುತ್ತಾಳೆ. ತಾನೇ ಕೊಂಡು ತಂದ ಚೂಡಿದಾರವನ್ನು ನೋಡಿ ‘ಇದು ಯಾರದು?’ ಎಂದು ಕೇಳಿದ್ದೂ ಉಂಟು. ಮನೆಯವರು ತಾಯಿತ ಕಟ್ಟಿಸಿದ್ದಾರೆ. ಹಿಪ್ನಾಟಿಸಂ ಮಾಡಿಸಿದರೆ ಒಳಗಿರುವವರು ಯಾರೆಂದು ಗೊತ್ತಾಗುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ನಾಗವಲ್ಲಿಯಂಥ ಕಾಯಿಲೆಯೇ? ಎಷ್ಟು ದಿನದಲ್ಲಿ ಗುಣವಾಗುತ್ತದೆ?
– ಹೆಸರು ಬೇಡ, ಹಾಸನ

ಉತ್ತರ: ಸಿನಿಮಾದ ವಿಚಾರವನ್ನು ಮೊದಲು ಮುಗಿಸಿಬಿಡೋಣ. 1993ರ ಮಲಯಾಳ ಚಿತ್ರವೊಂದರ ಕಥೆಯನ್ನು ಆಧರಿಸಿ 2004ರಲ್ಲಿ ಬಂದ ‘ಆಪ್ತಮಿತ್ರ’ವು, ನಾಯಕಿಗೆ ಹಿಡಿದಿರುವುದು ದೆವ್ವವಲ್ಲ, ಆಕೆಗಿರುವುದು ಮನಸ್ಸಿನ ಕಾಯಿಲೆ ಎಂದು ಮನೋವೈದ್ಯನ ಬಾಯಲ್ಲಿ ಹೇಳಿಸಿತು. ಅಷ್ಟರಮಟ್ಟಿಗೆ ಅದಕ್ಕೆ ನಾನು ಋಣಿ. ಆದರೆ ಸತ್ತ ನರ್ತಕಿಯೊಬ್ಬಳ ಕಥೆ ಕೇಳಿ, ಬೀಗ ಹಾಕಿದ ಕೋಣೆಯ ಬಾಗಿಲು ತೆರೆದು ಯಾರಿಗೂ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ (ಒಬ್ಬರೊಳಗೇ ಹಲವು ವ್ಯಕ್ತಿತ್ವಗಳು ಇರುವಂತೆ ತೋರುವ ಕಾಯಿಲೆ) ಬರುವುದಿಲ್ಲ, ರಾಜನನ್ನು ಕೊಂದ ಭ್ರಮೆ ಹುಟ್ಟಿಸುವ ಒಂದು ರಾತ್ರಿಯ ನಾಟಕದಿಂದ ಅದು ಹೋಗುವುದೂ ಇಲ್ಲ.

ಈ ಕಾಯಿಲೆ ಇರುವವರ ಬಾಲ್ಯದಲ್ಲಿ ಬಹುಪಾಲು ನಮಗೆ ಕಾಣಸಿಗುವುದು ಪದೇ ಪದೇ ನಡೆದ ದೌರ್ಜನ್ಯ ಅಥವಾ ತೀವ್ರ ನಿರ್ಲಕ್ಷ್ಯ, ಅದರಲ್ಲೂ ಹೆಚ್ಚಾಗಿ ಕಾಪಾಡಬೇಕಾದವರ ಕೈಯಿಂದಲೇ ಆದದ್ದು. ‘ನಾನು’ ಎಂಬ ಭಾವ ಇನ್ನೂ ಗಟ್ಟಿಯಾಗಿರದ ವಯಸ್ಸಿನಲ್ಲಿ, ಓಡಿಹೋಗಲೂ ಆಗದೆ, ಯಾರಿಗೂ ಹೇಳಲೂ ಆಗದೆ ಸಿಕ್ಕಿಬಿದ್ದ ಮಗುವಿನ ಮನಸ್ಸು ‘ಇದು ನನಗೆ ಆದದ್ದಲ್ಲ’ ಎಂದು ಆ ಅನುಭವವನ್ನು ದೂರ ತಳ್ಳಿ ಬದುಕಿಕೊಳ್ಳುತ್ತದೆ. ಹಾಗೆ ದೂರ ಇಟ್ಟ ನೆನಪು, ಭಯ, ಸಿಟ್ಟುಗಳೇ ಮುಂದೆ ಬೇರೆ ಬೇರೆ ವ್ಯಕ್ತಿತ್ವಗಳಂತೆ ವರ್ತಿಸತೊಡಗುತ್ತವೆ. ಹಳೆಯ ಅರಮನೆಯ ಮೇಲೆ ತಪ್ಪು ಹೊರಿಸುವುದು ಸುಲಭ. ಸ್ವಂತ ಮನೆಯ ಕಡೆ ನೋಡುವುದು ಕಷ್ಟ. ಸಿನಿಮಾದವರು ಮೊದಲನೆಯದನ್ನೇ ಆರಿಸಿಕೊಳ್ಳುವುದರಲ್ಲಿ ಆಶ್ಚರ್ಯವೇನಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಮಗುವಿನ ದನಿಯಲ್ಲ, ಚೂಡಿದಾರ. ದನಿ ಬದಲಾಗುವುದು ಹತ್ತು ಕಾರಣಗಳಿಗೆ ಇರಬಹುದು. ತಾನೇ ಅಂಗಡಿಗೆ ಹೋಗಿ, ಬಣ್ಣ ಆರಿಸಿ, ದುಡ್ಡು ಕೊಟ್ಟು ತಂದ ಬಟ್ಟೆ ತನ್ನದಲ್ಲ ಎನಿಸುವುದು ಮಾತ್ರ ಸಾಮಾನ್ಯ ಮರೆವಲ್ಲ. ಇಂಥ ರೋಗಿಗಳನ್ನು ನಾವು ಕೇಳುವುದು ಇದನ್ನೇ: ಮಧ್ಯಾಹ್ನದಿಂದ ಸಂಜೆಯವರೆಗಿನ ಹೊತ್ತು ಏನಾಯಿತೆಂದೇ ತಿಳಿಯದಂತೆ ಕಳೆದುಹೋಗುತ್ತದೆಯೇ, ನಿಮ್ಮ ನೋಟ್‌ಬುಕ್ಕಿನಲ್ಲಿ ನಿಮ್ಮದಲ್ಲದ ಕೈಬರಹ ಕಾಣುತ್ತದೆಯೇ, ಗುರುತಿಲ್ಲದವರು ಬಂದು ಹಳೆಯ ಸಲುಗೆಯಿಂದ ಮಾತನಾಡಿಸುತ್ತಾರೆಯೇ? ಉತ್ತರಗಳು ಹೊರಬರಲು ತಿಂಗಳುಗಳೇ ಹಿಡಿಯುತ್ತವೆ, ಏಕೆಂದರೆ ಈ ಕಾಯಿಲೆ ಇರುವವರು ಅದನ್ನು ಪ್ರದರ್ಶಿಸುವುದಿಲ್ಲ, ಮುಚ್ಚಿಡುತ್ತಾರೆ. ಖಿನ್ನತೆ, ಆತಂಕ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಔಷಧ ತೆಗೆದುಕೊಂಡ ಮೇಲಷ್ಟೇ ಬಯಲಾದ ಪ್ರಕರಣಗಳು ಎಷ್ಟೋ ಇವೆ.

ಹಾಗೆಂದು ನಿಮ್ಮ ತಂಗಿಗೆ ಇದೇ ಕಾಯಿಲೆ ಎಂದು ಪತ್ರ ಓದಿ ಹೇಳಲಾರೆ. ಮಿದುಳಿನ ಟೆಂಪೊರಲ್ ಭಾಗದಲ್ಲಿ ಹುಟ್ಟುವ ಅಪಸ್ಮಾರದಲ್ಲೂ ಪ್ರಜ್ಞೆ ಮಸುಕಾಗಿ ನೆನಪು ತಪ್ಪುತ್ತದೆ. ಮದ್ಯ, ಮಾದಕ ವಸ್ತು, ಕೆಲವು ನಿದ್ರೆ ಮಾತ್ರೆಗಳಿಂದಲೂ ಹಾಗಾಗಬಹುದು. ನಮ್ಮ ದೇಶದ ಆಸ್ಪತ್ರೆಗಳಿಗೆ ಬರುವ ಡಿಸೋಸಿಯೇಟಿವ್ ಸಮಸ್ಯೆಗಳಲ್ಲಿ, ಅಂದರೆ ಮನಸ್ಸು ತನ್ನ ನೆನಪು, ಪ್ರಜ್ಞೆಗಳಿಂದ ಕೊಂಡಿ ಕಳಚಿಕೊಳ್ಳುವ ತೊಂದರೆಗಳಲ್ಲಿ, ಫಿಟ್ಸ್‌ನಂತೆ ಕಾಣುವ ಸೆಳೆತ, ಮೈಮೇಲೆ ಬರುವುದು ಇವುಗಳೇ ಹೆಚ್ಚು. ಬಹುವ್ಯಕ್ತಿತ್ವದ ರೋಗನಿರ್ಣಯ ಅಪರೂಪ. ಆದ್ದರಿಂದ ಮೊದಲು ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಮನೋವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಮಾಡಿಸಿ.

ಹಿಪ್ನಾಟಿಸಂ ಬೇಡ. ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ, ಅದಕ್ಕೆ ಕಾರಣವೂ ಇದೆ. 1973ರಲ್ಲಿ ಅಮೆರಿಕದಲ್ಲಿ ‘ಸಿಬಿಲ್’ ಎಂಬ ಪುಸ್ತಕ ಬಂತು. ಒಬ್ಬ ಮಹಿಳೆಯೊಳಗೆ 16 ವ್ಯಕ್ತಿತ್ವಗಳಿವೆ ಎಂಬುದು ಅದರ ಕಥೆ. ಅಲ್ಲಿಯವರೆಗೆ ಬಹಳ ವಿರಳವಾಗಿದ್ದ ಈ ರೋಗನಿರ್ಣಯ ಮುಂದಿನ ಎರಡು ದಶಕಗಳಲ್ಲಿ ಅಲ್ಲಿ ಸಾವಿರಗಳ ಲೆಕ್ಕಕ್ಕೆ ಏರಿತು. ಹಿಪ್ನಾಸಿಸ್‌ನಲ್ಲಿ ಮಲಗಿಸಿ ‘ಒಳಗೆ ಇನ್ನೂ ಯಾರಿದ್ದೀರಿ, ಮುಂದೆ ಬನ್ನಿ’ ಎಂದು ಕೇಳಿದ ಚಿಕಿತ್ಸಕರಿಗೆಲ್ಲ ಯಾರೋ ಒಬ್ಬರು ಓಗೊಟ್ಟರು. ನಡೆಯದ ಘಟನೆಗಳ ನೆನಪುಗಳೂ ಹುಟ್ಟಿಕೊಂಡವು. ಈ ಕಾಯಿಲೆಯೇ ಇಲ್ಲ, ಎಲ್ಲವೂ ಚಿಕಿತ್ಸಕರ ಸೃಷ್ಟಿ ಎಂದು ವಾದಿಸುವ ತಜ್ಞರು ಇಂದಿಗೂ ಇದ್ದಾರೆ. ನಾನು ಆ ಪಕ್ಷದವನಲ್ಲ; ಆದರೆ ಅವರ ಎಚ್ಚರಿಕೆಯನ್ನು ಮರೆತವನೂ ಅಲ್ಲ. ವಾರಾಂತ್ಯದ ಕೋರ್ಸ್ ಮುಗಿಸಿ ಫಲಕ ಹಾಕಿಕೊಂಡು, ಹಿಂದಿನ ಜನ್ಮಕ್ಕೆ ಕರೆದೊಯ್ಯುತ್ತೇನೆ ಎನ್ನುವವರ ಮುಂದೆ ಇಂಥ ರೋಗಿಯನ್ನು ಕೂರಿಸುವುದು ಅಪಾಯ. ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್‌ರನ್ನೇ ಕೇಳಿಕೊಂಡು ಹೋಗಿ. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ.

ತಾಯಿತಕ್ಕಾಗಿ ನಾನು ಯಾರೊಡನೆಯೂ ಜಗಳವಾಡುವುದಿಲ್ಲ, ಅದು ತೋಳಿನಲ್ಲಿ ತನ್ನ ಪಾಡಿಗೆ ಇರಲಿ. ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ಕಟ್ಟಿಹಾಕುವುದು, ಮೆಣಸಿನಕಾಯಿ ಹೊಗೆ ಹಾಕುವುದು ಬೇರೆ ಮಾತು. ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯ ಪ್ರಕಾರ ಅದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಹಿಂಸೆಯಿಂದ ಒಡೆದ ಮನಸ್ಸಿಗೆ ಮತ್ತೊಂದು ಸುತ್ತು ಹಿಂಸೆ.

ಎಷ್ಟು ದಿನ ಎಂದು ಕೇಳಿದ್ದೀರಿ. ವರ್ಷಗಳ ಲೆಕ್ಕದಲ್ಲಿ ಯೋಚಿಸಿ. ಈ ಕಾಯಿಲೆಗೆಂದೇ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕಗಳಿಗೆ ಔಷಧ ಕೊಡುತ್ತೇವೆ. ಚಿಕಿತ್ಸೆ ಎಂದರೆ ಮಾತುಕತೆಯ ಚಿಕಿತ್ಸೆಯೇ. ಅದರ ಮೊದಲ ಹಂತ ಹಳೆಯದನ್ನು ಕೆದಕುವುದಲ್ಲ, ಇಂದಿನ ದಿನವನ್ನು ಸುರಕ್ಷಿತಗೊಳಿಸುವುದು: ನಿದ್ರೆ, ಊಟ, ತನ್ನನ್ನು ಗಾಯಗೊಳಿಸಿಕೊಳ್ಳದಂತೆ ಕಾಪಾಡುವುದು. ಅದು ಗಟ್ಟಿಯಾದ ಮೇಲಷ್ಟೇ ಆಘಾತದ ನೆನಪುಗಳಿಗೆ ಕೈ ಹಾಕುತ್ತೇವೆ. ಕೊನೆಗೆ ಎಲ್ಲ ವ್ಯಕ್ತಿತ್ವಗಳೂ ಒಂದಾಗಲೇಬೇಕೆಂದಿಲ್ಲ. ಒಂದಕ್ಕೊಂದು ತಿಳಿದು, ಒಡಂಬಟ್ಟು ದಿನ ಸಾಗಿದರೂ ದೊಡ್ಡ ಗೆಲುವು.

ಅಲ್ಲಿಯವರೆಗೆ ಮನೆಯವರು ಆ ಮಗುವಿನ ದನಿಗೆ ಹೆಸರಿಡಬಾರದು, ಬೇಕೆಂದೇ ಕರೆಯಬಾರದು, ಮೊಬೈಲಿನಲ್ಲಿ ಚಿತ್ರೀಕರಿಸಿ ನೆಂಟರಿಗೆ ಕಳಿಸಬಾರದು. ಅದು ಹೆದರಿದ್ದರೆ ‘ನೀನು ಮನೆಯಲ್ಲಿದ್ದೀಯ, ಇವತ್ತು ಮಂಗಳವಾರ, ನಾನು ನಿನ್ನ ಅಣ್ಣ’ ಎಂದು ಮೆಲ್ಲಗೆ ಹೇಳಿ, ಅಷ್ಟು ಸಾಕು. ‘ಚಿಕ್ಕಂದಿನಲ್ಲಿ ಯಾರು ಏನು ಮಾಡಿದರು ಹೇಳು’ ಎಂದು ಪೀಡಿಸಬೇಡಿ. ಸಾಯುವ ಮಾತಾಡಿದರೆ ಆ ಹೊತ್ತಿನಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಮತ್ತೊಂದು ಮಾತು, ನಿಮಗೆ ಹಿತವಾಗಲಿಕ್ಕಿಲ್ಲ. ಆಕೆಯನ್ನು ವೈದ್ಯರ ಜೊತೆ ಒಬ್ಬಳೇ ಮಾತನಾಡಲು ಬಿಡಿ. ಯಾರಿಂದ ನೋವಾಗಿದೆಯೋ ಅವರು ಈಗಲೂ ಮನೆಗೆ ಬಂದುಹೋಗುವವರಾಗಿದ್ದರೆ ನಿಮ್ಮೆದುರು ಆಕೆ ಬಾಯಿ ಬಿಡಲಾರಳು.

ಪ್ರಶ್ನೆ: ಸ್ಕಿಜೋಫ್ರೇನಿಯಾ ಎಂದರೂ ಇದೇ ತಾನೇ?
– ಓದುಗರು, ದಾವಣಗೆರೆ

ಉತ್ತರ: ಅಲ್ಲ. ಅದು ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ಗಟ್ಟಿಯಾಗಿ ನಂಬಿಸುವ ಬೇರೆ ಕಾಯಿಲೆ, ಅದಕ್ಕೆ ಔಷಧವೇ ಮುಖ್ಯ ಚಿಕಿತ್ಸೆ. ಈ ಪ್ರಶ್ನೆಗೆ ಇದೇ ಕೊನೆಯ ಉತ್ತರ.

ಪ್ರಶ್ನೆ: ನಮ್ಮಲ್ಲಿ ಕೋಲದಲ್ಲಿ ಆವೇಶ ಬರುವವರಿಗೂ ಈ ಕಾಯಿಲೆ ಇದೆಯೇ?
– ಓದುಗರು, ಉಡುಪಿ

ಉತ್ತರ: ಇಲ್ಲ. ಸಮುದಾಯ ಒಪ್ಪಿದ ಆಚರಣೆಯಲ್ಲಿ, ನಿಗದಿತ ಹೊತ್ತಿನಲ್ಲಿ ಬಂದು, ಮುಗಿದ ಮೇಲೆ ಬದುಕನ್ನು ಕೆಡಿಸದೆ ಹೋಗುವ ಸ್ಥಿತಿಯನ್ನು ರೋಗವೆಂದು ಎಣಿಸಬಾರದೆಂದು ನಮ್ಮ ರೋಗನಿರ್ಣಯದ ಕೈಪಿಡಿಗಳೇ ಹೇಳುತ್ತವೆ. ಅಡುಗೆಮನೆಯಲ್ಲಿ, ಆಫೀಸಿನಲ್ಲಿ, ಬೇಡವೆಂದರೂ ಬಂದು ಆ ವ್ಯಕ್ತಿಯನ್ನೇ ನರಳಿಸುವ ಆವೇಶವಾದರೆ ತೋರಿಸಿ.

ಪ್ರಶ್ನೆ: ಆನ್‌ಲೈನ್ ಪರೀಕ್ಷೆಯಲ್ಲಿ ನನ್ನೊಳಗೆ ಐದು ವ್ಯಕ್ತಿತ್ವಗಳಿವೆ ಎಂದು ಬಂದಿದೆ. ಏನು ಮಾಡಲಿ?
– ವಿದ್ಯಾರ್ಥಿ, ಬೆಂಗಳೂರು

ಉತ್ತರ: ಆ ಪರೀಕ್ಷೆಯನ್ನು ಮತ್ತೆ ಮಾಡಬೇಡಿ.

ಪ್ರಶ್ನೆ: ಕೊಲೆ ಮಾಡಿದವನು ‘ಮಾಡಿದ್ದು ನಾನಲ್ಲ, ನನ್ನೊಳಗಿನವನು’ ಎಂದರೆ ಬಿಟ್ಟುಬಿಡುತ್ತಾರೆಯೇ?
– ಓದುಗರು, ಬಳ್ಳಾರಿ

ಉತ್ತರ: ಅಮೆರಿಕದ ಒಹಾಯೊದಲ್ಲಿ ಬಿಲ್ಲಿ ಮಿಲ್ಲಿಗನ್ ಎಂಬಾತ 1978ರಲ್ಲಿ ಅತ್ಯಾಚಾರದ ಆರೋಪಗಳಿಂದ ಈ ಕಾರಣಕ್ಕೆ ಮುಕ್ತನಾದ. ಆದರೆ ಮನೆಗೆ ಹೋಗಲಿಲ್ಲ, ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದ. ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಕೇಳುವುದು ಕಾಯಿಲೆಯ ಹೆಸರನ್ನಲ್ಲ; ಕೃತ್ಯದ ಹೊತ್ತಿನಲ್ಲಿ ಅದು ಏನು, ಅದು ತಪ್ಪೋ ಕಾನೂನುಬಾಹಿರವೋ ಎಂದು ತಿಳಿಯುವ ಶಕ್ತಿ ಆತನಿಗಿತ್ತೇ ಎಂಬುದನ್ನು. ಅಂದಹಾಗೆ, ಈ ರೋಗಿಗಳು ಇತರರನ್ನು ಕೊಲ್ಲುತ್ತಾರೆಂಬ ಭಯಕ್ಕಿಂತ ಅವರು ತಮ್ಮ ಕೈಯನ್ನೇ ಕೊಯ್ದುಕೊಂಡಾರೆಂಬ ಭಯ ನಮ್ಮನ್ನು ಹೆಚ್ಚು ಕಾಡುತ್ತದೆ.